ತೂಕ ಇಳಿದರೆ ಕಬ್ಬಿಣ ಆಯಿತೆಂದಲ್ಲ

ಹಿಂದೂಪುರದ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಮಡಕಶಿರಾ ಕಡೆಯ ಹುಡುಗ ಮೊನ್ನೆ ತ್ರಾಸು ನೋಡಿ ಕೇಳಿದ: ‘ಸಾರ್, ಉಂಡೆ ತೂಕ ಇಳಿದೈತೆ. ಕಬ್ಬಿಣ ಆಗೈತೆ ಅಂತ ಬರ್ಕೊಳ್ಳಲಾ?’

ಬೇಡ ಅಂದೆ. ಕಬ್ಬಿಣದ ಅದಿರಿನ ಪುಡಿಗೆ ಕಲ್ಲಿದ್ದಲ ಪುಡಿ ಬೆರೆಸಿ ಕಟ್ಟಿದ ಉಂಡೆ ಅದು. ಅದಿರಿನಲ್ಲಿ ಕಬ್ಬಿಣದ ಜೊತೆ ಸೇರಿರುವ ಆಮ್ಲಜನಕ ಹೋದರೆ ಕಬ್ಬಿಣ ಉಳಿಯುತ್ತದೆ, ತೂಕವೂ ಇಳಿಯುತ್ತದೆ. ಆದರೆ ತೂಕ ಇಳಿಯುವುದು ಅದರಿಂದ ಮಾತ್ರವಲ್ಲ. ಕುಲುಮೆ ಕಾದಂತೆ ಮೊದಲು ತೇವ ಹೋಗುತ್ತದೆ. ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಲ್ಲಿದ್ದಲು ಟಾರು, ಮೀಥೇನ್, ಹೈಡ್ರೋಜನ್ ಬಿಡತೊಡಗುತ್ತದೆ. ಅದಿರಿನ ಆಮ್ಲಜನಕ ಇಂಗಾಲದೊಂದಿಗೆ ಕೂಡಿ ಕಾರ್ಬನ್ ಮಾನಾಕ್ಸೈಡ್, ಡೈಆಕ್ಸೈಡ್ ಆಗಿ ಜೋರಾಗಿ ಹೊರಡುವುದು 900ರ ಆಸುಪಾಸಿನಲ್ಲಿ. ತ್ರಾಸಿಗೆ ಇವೆಲ್ಲ ಒಂದೇ. ಅದಿರಿನದು ಯಾವುದು, ಕಲ್ಲಿದ್ದಲಿನದು ಯಾವುದು ಎಂದು ತಿಳಿಯಬೇಕಾದರೆ ಹೋದ ಅನಿಲವನ್ನೇ ಹಿಡಿದು ಅಳೆಯಬೇಕು.

ಅನಿಲದಲ್ಲಿ ಏನೇನು ಇದೆ ಎಂದು ಅಳೆಯುವ ಅನಲೈಸರ್ ತೋರಿಸುವುದು ಶೇಕಡಾವಾರು ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ. ಕುಲುಮೆಯ ಕೊಳವೆಗೆ ನಿಮಿಷಕ್ಕೆ 2 ಲೀಟರ್ ನೈಟ್ರೋಜನ್ ಬಿಟ್ಟಿದ್ದೀರಿ, ಹೊರಬಂದ ಒಣ ಅನಿಲದಲ್ಲಿ ಅದು ಶೇ. 80 ಇದೆ ಎನ್ನಿ. ನೈಟ್ರೋಜನ್ ಒಳಗೆ ಯಾವುದರ ಜೊತೆಗೂ ಸೇರದೆ ಹಾಗೇ ಬರುತ್ತದೆ. ಆದ್ದರಿಂದ ಒಟ್ಟು ಹರಿವು 2.5 ಲೀಟರ್. ಅದರಲ್ಲಿ ಮಾನಾಕ್ಸೈಡ್ ಶೇ. 12 ಇದ್ದರೆ 0.3 ಲೀಟರ್. ಲೀಟರನ್ನು ಗ್ರಾಂಗೆ ತಿರುಗಿಸಿಕೊಂಡ ಮೇಲೆ ಆಮ್ಲಜನಕದ ಲೆಕ್ಕ: 28 ಗ್ರಾಂ ಮಾನಾಕ್ಸೈಡಿನಲ್ಲಿ 16 ಗ್ರಾಂ, 44 ಗ್ರಾಂ ಡೈಆಕ್ಸೈಡಿನಲ್ಲಿ 32 ಗ್ರಾಂ. ಬಂದ ನೀರಿನಲ್ಲಿರುವುದನ್ನೂ ಕೂಡಿಸಿ, ಉಂಡೆಯ ತೇವದ್ದು, ಕಲ್ಲಿದ್ದಲಿನದು ಕಳೆದರೆ ಉಳಿದದ್ದು ಅದಿರು ಬಿಟ್ಟುಕೊಟ್ಟದ್ದು. ಕಬ್ಬಿಣದ ಅದಿರಿನ ಒಂದು ಬಗೆಯಾದ ಹೆಮಟೈಟ್ ಶುದ್ಧವಾಗಿದ್ದರೆ ಅದರ ತೂಕದಲ್ಲಿ ಶೇ. 30 ಆಮ್ಲಜನಕವೇ. ಇವೆರಡನ್ನು ತಾಳೆ ನೋಡಿದರೆ ಅದಿರು ಎಷ್ಟು ಕಬ್ಬಿಣವಾಗಿದೆ ಎಂಬುದು ಸಿಕ್ಕೀತು.



ಒಮ್ಮೆ ಕೊಳವೆಯ ಬಾಯಲ್ಲಿನ ರಬ್ಬರ್ ರಿಂಗು ಸಡಿಲಾಗಿ, ಅನಲೈಸರಿನ ಪಂಪು ಹೊರಗಿನ ಗಾಳಿಯನ್ನೂ ಎಳೆದುಕೊಂಡಿತ್ತು. ಆ ಗಾಳಿಗೆ ಇಂಗಾಲ ಉರಿದು ಬಂದ ಡೈಆಕ್ಸೈಡನ್ನು ಅದಿರಿನದೆಂದೇ ಬರೆದುಬಿಟ್ಟಿದ್ದೆವು. ಎರಡು ದಿನದ ಕೆಲಸ ಹೋಯಿತು. ಈಗ ಅನುಮಾನ ಬಂದಾಗ ಆರ್ಗಾನ್ ಹರಿಸುತ್ತೇನೆ. ಗಾಳಿ ನುಸುಳಿದರೆ ನೈಟ್ರೋಜನ್ ಕಾಣಿಸಿಕೊಂಡು ಹೇಳಿಬಿಡುತ್ತದೆ.

ಹೊರಬರುವ ಅನಿಲದ ಟಾರು ಹಿಡಿಯಲು ಐಸಿನಲ್ಲಿಟ್ಟ ಬಾಟಲಿಯ ಬಿಳಿ ಗಾಜಿನ ನಾರು, ಕುಲುಮೆ 500 ಡಿಗ್ರಿ ಮುಟ್ಟುವ ಹೊತ್ತಿಗೆ ಕಂದಾಗಿ, ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ. ಟಾರಿನ ಘಾಟು ಕೋಣೆಗೆಲ್ಲ ಹರಡುತ್ತದೆ. ಆಗ ಎಲ್ಲರೂ ಎಚ್ಚರ. 900ಕ್ಕೆ ಬರುವಷ್ಟರಲ್ಲಿ ಘಾಟು ಅಡಗಿರುತ್ತದೆ, ಹುಡುಗರು ಕುಲುಮೆಯ ಹತ್ತಿರವೇ ಕುರ್ಚಿ ಎಳೆದುಕೊಳ್ಳುತ್ತಾರೆ. ಬಣ್ಣ, ವಾಸನೆ ಎರಡೂ ಇಲ್ಲದ ವಿಷದ ಅನಿಲ ಮಾನಾಕ್ಸೈಡ್ ಜೋರಾಗಿ ಬರುವುದು ಆಗಲೇ. ಹೊಗೆ ಕೊಳವೆ ಗೋಡೆಯಾಚೆಗೆ ಹೋಗಿದೆಯೇ, ಜೇಬಿನ ಅಲಾರಂ ಆನ್ ಇದೆಯೇ ಎಂದು ನಾನು ಎದ್ದು ನೋಡುವುದು ಆ ಹೊತ್ತಿಗೆ.