ನೆಬ್ರಾಸ್ಕಾ ಫುಟ್‌ಬಾಲ್ ಬಿದ್ದಿದ್ದು ಯಾವಾಗ?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದ್ರೆ ನಾವು ಕಾಲಲ್ಲಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಭಿಮಾನಿಗಳು ಇಪ್ಪತ್ತು ವರ್ಷದಿಂದ ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದಾರೆ. ನಮ್ಮ ತಂಡವನ್ನು ಹಾಳು ಮಾಡಿದ್ದು ಯಾರು? ಹೆಚ್ಚಿನವರು ಬೆರಳು ತೋರಿಸುವುದು 2003ರ ಕಡೆಗೆ. ಆ ವರ್ಷ ಒಂಬತ್ತು ಪಂದ್ಯ ಗೆದ್ದು ಮೂರು ಸೋತಿದ್ದ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ಕಿತ್ತುಹಾಕಿದರು. ಆದರೆ ಬಿರುಕು ಅದಕ್ಕೂ ಮೊದಲೇ ಬಿಟ್ಟಿತ್ತು ಅನ್ನೋದು ನನ್ನ ವಾದ.

ಎಷ್ಟು ಎತ್ತರದಿಂದ ಬಿದ್ದರು ಅಂತ ಗೊತ್ತಾದರೆ ಈ ಸಿಟ್ಟು ಅರ್ಥವಾಗುತ್ತದೆ. ಇಡೀ ರಾಜ್ಯದ ಜನಸಂಖ್ಯೆ ಈಗಲೂ ಸುಮಾರು 20 ಲಕ್ಷ. ವೃತ್ತಿಪರ ಫುಟ್‌ಬಾಲ್ ತಂಡ ಅಲ್ಲಿಲ್ಲ, ಇರೋದು ಈ ಕಾಲೇಜು ತಂಡವೇ. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನ ಹೌಸ್‌ಫುಲ್ ದಾಖಲೆ ಶುರುವಾಗಿದ್ದು 1962ರಲ್ಲಿ. ಸೋಲಿನ ವರ್ಷಗಳಲ್ಲೂ ಅದು ಮುರಿಯಲಿಲ್ಲ. ಬಾಬ್ ಡೆವೇನಿ ಕೋಚ್ ಆಗಿದ್ದಾಗ 1970 ಮತ್ತು 1971ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು. ಆಮೇಲೆ ಬಂದ ಟಾಮ್ ಆಸ್ಬೋರ್ನ್ 25 ವರ್ಷ ಇದ್ದರು, ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆಲ್ಲಲಿಲ್ಲ. ಅವರ ಕೊನೆಯ ಐದು ಸೀಸನ್‌ಗಳಲ್ಲಿ 60 ಗೆಲುವು, 3 ಸೋಲು, ಮೂರು ಪ್ರಶಸ್ತಿ. ಪತ್ರಕರ್ತರು ವೋಟ್ ಹಾಕುವ ಎಪಿ ರ‍್ಯಾಂಕಿಂಗ್‌ನಲ್ಲಿ 1981ರಿಂದ 2002ರವರೆಗೆ ಸತತ 348 ವಾರ ನೆಬ್ರಾಸ್ಕಾ ಹೆಸರಿತ್ತು.

ಇಷ್ಟು ಚಿಕ್ಕ ರಾಜ್ಯಕ್ಕೆ ಇದು ಹೇಗೆ ಸಾಧ್ಯವಾಯಿತು? ಬೇರೆಯವರು ತಲೆಕೆಡಿಸಿಕೊಳ್ಳದ ಕೆಲಸಗಳನ್ನು ಇವರು ಮೊದಲೇ ಮಾಡಿದ್ದರು. ಆಟಗಾರರ ಮೈಕಟ್ಟು ಬೆಳೆಸೋಕೆ ಅಂತಲೇ ಬಾಯ್ಡ್ ಎಪ್ಲಿ ಅವರನ್ನು 1969ರಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡರು. ಜೋಳ ಬೆಳೆಯುವ ಹಳ್ಳಿಗಳ ಹುಡುಗರು ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಲ್ಲಿ ಬಂದು ತಂಡ ಸೇರಿ ವರ್ಷಗಟ್ಟಲೆ ಬೆವರು ಸುರಿಸುತ್ತಿದ್ದರು. ಆಟದ ಶೈಲಿ 'ಆಪ್ಷನ್'. ಕ್ವಾರ್ಟರ್‌ಬ್ಯಾಕ್, ಅಂದ್ರೆ ತಂಡದ ದಾಳಿ ನಡೆಸುವ ಆಟಗಾರ, ಚೆಂಡು ಹಿಡಿದು ಪಕ್ಕಕ್ಕೆ ಓಡುತ್ತಾನೆ. ಎದುರಾಳಿ ತನ್ನ ಮೇಲೆ ಬಂದರೆ ಚೆಂಡನ್ನು ಪಕ್ಕದವನಿಗೆ ಎಸೆಯುತ್ತಾನೆ, ಬರದಿದ್ದರೆ ತಾನೇ ನುಗ್ಗುತ್ತಾನೆ. ಗೊತ್ತಿದ್ದರೂ ತಡೆಯೋಕೆ ಆಗ್ತಿರಲಿಲ್ಲ.

ಆಮೇಲೆ ಈ ಅನುಕೂಲಗಳು ಒಂದೊಂದಾಗಿ ಕೈಜಾರಿದವು. ಜಿಮ್ ಎಲ್ಲ ಕಾಲೇಜುಗಳಲ್ಲೂ ಬಂತು. ಟಿವಿ ಪ್ರಸಾರದ ಮೇಲಿದ್ದ ಮಿತಿ ತೆಗೆದ 1984ರ ಅಮೆರಿಕ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಟಿವಿಯಲ್ಲಿ ಬರುವ ಪಂದ್ಯಗಳು ಜಾಸ್ತಿಯಾದವು. ಟಿವಿಯಲ್ಲಿ ಕಾಣಿಸಿಕೊಳ್ಳೋಕೆ ಚಳಿಯ ಲಿಂಕನ್‌ಗೇ ಹೋಗಬೇಕು ಅನ್ನುವ ಅಗತ್ಯ ಹುಡುಗರಿಗೆ ಉಳಿಯಲಿಲ್ಲ. 1996ರಲ್ಲಿ ಬಿಗ್ 12 ಲೀಗ್ ಶುರುವಾದಾಗ, ಓದಿನ ಅರ್ಹತೆ ಅರ್ಧಂಬರ್ಧ ಇದ್ದ ಆಟಗಾರರನ್ನು ಸೇರಿಸಿಕೊಳ್ಳುವುದಕ್ಕೆ ಮಿತಿ ಬಂತು. ಅಂಥವರಿಂದ ನೆಬ್ರಾಸ್ಕಾಕ್ಕೆ ತುಂಬಾ ಲಾಭವಾಗಿತ್ತು. ಹಳೇ ಎದುರಾಳಿ ಓಕ್ಲಹೋಮಾ ಜೊತೆ ಪ್ರತಿವರ್ಷ ನಡೆಯುತ್ತಿದ್ದ ಪಂದ್ಯ ಕೂಡ 1997ರ ನಂತರ ನಿಂತಿತು. ಇದೆಲ್ಲ ಪ್ರಶಸ್ತಿ ಗೆಲ್ಲುತ್ತಿದ್ದ ದಿನಗಳಲ್ಲೇ ನಡೆದದ್ದು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

2001ರಲ್ಲಿ ನೆಬ್ರಾಸ್ಕಾದ ಕ್ವಾರ್ಟರ್‌ಬ್ಯಾಕ್ ಎರಿಕ್ ಕ್ರೌಚ್ ಹೈಸ್ಮನ್ ಟ್ರೋಫಿ ಗೆದ್ದರು, ಅದು ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ. ಅದೇ ಸೀಸನ್‌ನಲ್ಲಿ ತಂಡ ಕೊಲೊರಾಡೊ ಎದುರು 62-36ರಿಂದ, ಫೈನಲ್‌ನಲ್ಲಿ ಮಯಾಮಿ ಎದುರು 37-14ರಿಂದ ಸೋತಿತು. ಮರುವರ್ಷ ಏಳು ಗೆಲುವು, ಏಳು ಸೋಲು. ಅಂದ್ರೆ ಸೋಲಿಚ್ ಇದ್ದಾಗಲೇ ಇಳಿಮುಖ ಶುರುವಾಗಿತ್ತು.

ಹಾಗಂತ ಅವರನ್ನು ತೆಗೆದದ್ದು ಸರಿ ಅಂತ ನಾನು ಹೇಳಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಲ್ಲಿಂದ ಅಂಟಿಕೊಂಡ ಕೋಚ್ ಬದಲಿಸುವ ಚಾಳಿ. ಬಿಲ್ ಕ್ಯಾಲಹನ್ ಬಂದು ಆಪ್ಷನ್ ಬಿಟ್ಟು, ಚೆಂಡನ್ನು ಮುಂದಕ್ಕೆ ಎಸೆದು ಆಡುವ ಪಾಸಿಂಗ್ ಆಟ ತಂದರು. 2004ರಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾಯಿತು, 1961ರ ನಂತರ ಮೊದಲ ಸಲ. ಬೋ ಪೆಲಿನಿ ಏಳು ವರ್ಷವೂ ಕನಿಷ್ಠ ಒಂಬತ್ತು ಪಂದ್ಯ ಗೆದ್ದರು, ಅವರನ್ನೂ ಕಳಿಸಿದರು. ನಂತರ ಮೈಕ್ ರೈಲಿ. ಪ್ರತಿಯೊಬ್ಬ ಕೋಚ್ ತನ್ನ ಆಟಕ್ಕೆ ಹೊಂದುವ ಹುಡುಗರನ್ನು ಆರಿಸುತ್ತಾನೆ, ಮುಂದಿನವನು ಬಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಈ ನಡುವೆ 2011ರಲ್ಲಿ, ಟೆಕ್ಸಾಸ್‌ನ ತಂಡಗಳಿದ್ದ ಬಿಗ್ 12 ಬಿಟ್ಟು ಬಿಗ್ ಟೆನ್ ಲೀಗ್‌ಗೆ ಹೋದರು. ದುಡ್ಡು ಬಂತು, ಟೆಕ್ಸಾಸ್ ಹುಡುಗರ ನಂಟು ಸಡಿಲವಾಯಿತು.

1997ರ ಪ್ರಶಸ್ತಿ ತಂಡದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಫ್ರಾಸ್ಟ್ 2017ರ ಡಿಸೆಂಬರ್‌ನಲ್ಲಿ ಕೋಚ್ ಆದಾಗ ಊರಿಗೆ ಊರೇ ಕುಣಿಯಿತು. 2021ರಲ್ಲಿ ಒಂಬತ್ತು ಸೋಲು, ಒಂಬತ್ತೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ. 2022ರ ಆಗಸ್ಟ್‌ನಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು 28-17ರಿಂದ ಮುಂದಿದ್ದಾಗ, ಚೆಂಡನ್ನು ಉದ್ದಕ್ಕೆ ಒದೆಯುವ ಬದಲು ಗಿಡ್ಡಕ್ಕೆ ಒದ್ದು ತಾವೇ ಹಿಡಿಯುವ ಜೂಜಿಗೆ ಫ್ರಾಸ್ಟ್ ಕೈ ಹಾಕಿದರು. ಚೆಂಡು ಎದುರಾಳಿಗೆ ಸಿಕ್ಕಿತು, ಪಂದ್ಯ 31-28ರಿಂದ ಹೋಯಿತು. ಎರಡೇ ವಾರದಲ್ಲಿ ಅವರ ಕೆಲಸವೂ ಹೋಯಿತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಿದ್ದ ಸುಮಾರು 15 ಮಿಲಿಯನ್ ಡಾಲರ್ ಪರಿಹಾರ ಅರ್ಧಕ್ಕೆ ಇಳಿಯುತ್ತಿತ್ತು. ಅಷ್ಟೂ ತಾಳ್ಮೆ ಇರಲಿಲ್ಲ.

2023ರಲ್ಲಿ ಬಂದ ಮ್ಯಾಟ್ ರೂಲ್ ಮರುವರ್ಷ ತಂಡವನ್ನು ಬೌಲ್ ಪಂದ್ಯಕ್ಕೆ, ಅಂದ್ರೆ ಸೀಸನ್ ಮುಗಿದ ಮೇಲೆ ಆಯ್ದ ತಂಡಗಳು ಆಡುವ ಪಂದ್ಯಕ್ಕೆ, ಕರೆದೊಯ್ದು ಗೆಲ್ಲಿಸಿದರು. 2016ರ ನಂತರ ಅದೇ ಮೊದಲ ಬೌಲ್. ಆದರೂ ಆ ಸೀಸನ್‌ನ ಕೊನೆಯ ಎಪಿ ಪಟ್ಟಿಯಲ್ಲಿ ಹೆಸರಿಲ್ಲ, 2012ರ ನಂತರ ಒಮ್ಮೆಯೂ ಹಾಗೆ ಬಂದಿರಲಿಲ್ಲ. ಇವರೂ ಸಾಲದು ಅನ್ನುವವರಿದ್ದಾರೆ. ನಾನು ಇನ್ನಷ್ಟು ಸಮಯ ಕೊಡಿ ಅನ್ನುವವರ ಕಡೆ. ಈಗ ಆಟಗಾರರು ಒಂದು ವರ್ಷವನ್ನೂ ಕಳೆದುಕೊಳ್ಳದೆ ಕಾಲೇಜು ಬದಲಿಸಬಹುದು. ಕೋಚ್ ಹೋದರೆ ಅವರ ಹಿಂದೆ ಅರ್ಧ ತಂಡವೇ ಖಾಲಿಯಾಗಬಹುದು.