ವೀಲ್ ನಟ್ ಎಷ್ಟು ಬಿಗಿ ಇರಬೇಕು?

ಟೈರ್ ಹಾಕಿಸುವಾಗ ಪಕ್ಕದಲ್ಲಿ ನಿಂತವರು ಹೇಳುವುದು ಒಂದೇ ಮಾತು: "ಚೆನ್ನಾಗಿ ಟೈಟ್ ಮಾಡಪ್ಪಾ." ಹುಡುಗ ಏರ್ ಗನ್ ಹಿಡಿಯುತ್ತಾನೆ. ಅದೂ ಸಾಲದು ಅಂತ ಸ್ಪ್ಯಾನರ್ ಮೇಲೆ ಹತ್ತಿ ತುಳಿಯುತ್ತಾನೆ. ಮಾಲೀಕರಿಗೆ ಸಮಾಧಾನ, ನನಗೆ ಭಯ.

ನಟ್ ಬಿಗಿದಾಗ ಹಬ್‌ನಲ್ಲಿರುವ (ಚಕ್ರ ಕೂರುವ ಭಾಗ) ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಎಳೆದ ರಬ್ಬರ್ ಬ್ಯಾಂಡಿನ ಹಾಗೆ ಅದು ವಾಪಸ್ ಹೋಗಲು ನೋಡುತ್ತದೆ. ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುವುದು ಆ ಎಳೆತವೇ. ಮಿತಿ ಮೀರಿ ಎಳೆದರೆ ಬೋಲ್ಟು ಹಾಗೇ ಉದ್ದವಾಗಿ ಉಳಿದುಬಿಡುತ್ತದೆ, ಆಮೇಲೆ ಅದರ ಹಿಡಿತವನ್ನು ನಂಬುವ ಹಾಗಿಲ್ಲ. ನಮ್ಮಲ್ಲಿ ಓಡುವ ಸಣ್ಣ ಕಾರುಗಳಿಗೆ ಕಂಪನಿ ಹೇಳುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. 30 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ 70 ಕೆಜಿ ತೂಕದವರು ನಿಂತರೆ 200 ದಾಟುತ್ತದೆ! ಗನ್ ಬಿಚ್ಚುವುದಕ್ಕೆ ಇರಲಿ. ಕೊನೆಯ ಬಿಗಿ, ಹೊಂದಿಸಿದ ಟಾರ್ಕ್ ಮುಟ್ಟಿದಾಗ 'ಟಕ್' ಅನ್ನುವ ಟಾರ್ಕ್ ವ್ರೆಂಚಿನಲ್ಲೇ ಆಗಬೇಕು ಅಂತ ಕೇಳಿ ಮಾಡಿಸಿಕೊಳ್ಳಿ. 'ಟಕ್' ಅಂದ ಮೇಲೆ ಇನ್ನೊಂದು ಸಲ ಒತ್ತುವುದು ಬೇಡ.

ನಟ್ ಬದಲಿಸುವಾಗ ಆಗುವ ಎಡವಟ್ಟು ಬೇರೆ. ಮಾರುತಿ ಕಾರುಗಳ ಬೋಲ್ಟಿನ ಥ್ರೆಡ್ 12 ಎಂಎಂ, 1.25 ಪಿಚ್ (ಥ್ರೆಡ್‌ನ ಎರಡು ಗೆರೆಗಳ ನಡುವಿನ ಅಂತರ, ಎಂಎಂನಲ್ಲಿ). ಹ್ಯುಂಡೈ, ಹೋಂಡಾ, ಟೊಯೋಟಾ ಕಾರುಗಳಲ್ಲಿ ಹೆಚ್ಚಾಗಿ ಅದೇ 12 ಎಂಎಂ, ಆದರೆ ಪಿಚ್ 1.5. ಕಣ್ಣಿಗೆ ಎರಡೂ ಒಂದೇ ಥರ. ತಪ್ಪು ನಟ್ ಕೂಡ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿಡಿಯುತ್ತದೆ. ಅಲ್ಲಿ ಗನ್ ಹಾಕಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಸರಿಯಾದ ನಟ್ ಬರೀ ಬೆರಳಲ್ಲೇ ಕೊನೆವರೆಗೆ ತಿರುಗಬೇಕು.

ಇನ್ನು ನಟ್ ಕೂರುವ ಜಾಗ. ಹೆಚ್ಚಿನ ನಟ್‌ಗಳ ಬುಡ ಕೋನ್ ಆಕಾರದಲ್ಲಿರುತ್ತದೆ, ಹೋಂಡಾದ್ದು ಗುಂಡಗೆ. ಹೊರಗಡೆ ಕೊಂಡ ಅಲಾಯ್ ಚಕ್ರಕ್ಕೆ ಸಾಮಾನ್ಯವಾಗಿ ಕೋನ್ ನಟ್ಟೇ ಬೇಕು. ಗುಂಡನೆಯ ಹಳೇ ನಟ್ಟನ್ನೇ ಹಾಕಿದರೆ ಅದು ಒಂದು ಸಣ್ಣ ಗೆರೆಯ ಮೇಲಷ್ಟೇ ಕೂರುತ್ತದೆ, ಓಡಿಸುತ್ತಾ ಸಡಿಲವಾಗುತ್ತದೆ. ಬಿಚ್ಚಿದಾಗ ನಟ್ಟಿನ ಬುಡ ನೋಡಿ. ಸುತ್ತಲೂ ಒಂದೇ ಸಮ ಹೊಳೆಯುವ ಪಟ್ಟಿ ಇದ್ದರೆ ಸರಿ ಕೂತಿತ್ತು. ಒಂದೇ ಕಡೆ ಸವೆದಿದ್ದರೆ ಹುಷಾರು. ನಟ್ಟಿನ ಸುತ್ತ ರಿಮ್ ಮೇಲೆ ತುಕ್ಕಿನ ಗೆರೆ ಇಳಿದಿದ್ದರೂ ಅಷ್ಟೇ, ಅದು ಅಲುಗಾಡುತ್ತಿರಬಹುದು.

ಕರಾವಳಿಯ ಉಪ್ಪು ಗಾಳಿಯಲ್ಲಿ ನಟ್ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೆ ತುಂಬಾ ಜನ ಗ್ರೀಸ್ ಹಚ್ಚುತ್ತಾರೆ. ದಯವಿಟ್ಟು ಬೇಡ. ಥ್ರೆಡ್ ಜಾರಿದರೆ ಅದೇ ಟಾರ್ಕಿಗೆ ಬೋಲ್ಟು ಎಷ್ಟೋ ಜಾಸ್ತಿ ಎಳೆಯಲ್ಪಡುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಬ್ ಮತ್ತು ರಿಮ್ ಸೇರುವ ಜಾಗದ ತುಕ್ಕನ್ನೂ ಕೆರೆದು ತೆಗೆಯಿರಿ.

ಹಾಕುವಾಗ ಎಲ್ಲವನ್ನೂ ಮೊದಲು ಕೈಯಲ್ಲೇ ಕೂರಿಸಿ, ಎದುರುಬದುರು ನಟ್ ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಜಾಕ್ ಇಳಿಸಿ ಟೈರ್ ನೆಲಕ್ಕೆ ತಾಗಿದ ಮೇಲೆ ಪೂರ್ತಿ ಟಾರ್ಕ್. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ, ಹೊಸ ಅಲಾಯ್ ಆದರಂತೂ ಬಿಡಲೇಬೇಡಿ.

ಒಂದು ಬೋಲ್ಟು ಮುರಿದರೆ ಅದೊಂದನ್ನೇ ಬದಲಿಸಿ ಸುಮ್ನಾಗುವವರು ಜಾಸ್ತಿ. ಅದರ ಭಾರವನ್ನು ಅಷ್ಟು ದಿನ ಹೊತ್ತದ್ದು ಅಕ್ಕಪಕ್ಕದ ಎರಡು ಬೋಲ್ಟು. ನಾನು ಆ ಎರಡನ್ನೂ ಜೊತೆಗೇ ಬದಲಿಸುತ್ತೇನೆ.