ಸೀಮಾಂತ ತುಷ್ಟಿಗುಣ: ಕೊನೆಯ ಕೊಡ ನೀರಿನ ಬೆಲೆ

ನೀರಿಲ್ಲದೆ ಜೀವವಿಲ್ಲ, ಆದರೂ ನೀರು ಅಗ್ಗ. ವಜ್ರವಿಲ್ಲದೆ ಆರಾಮಾಗಿ ಬದುಕಬಹುದು, ಆದರೂ ಅದಕ್ಕೆ ಕಂಡಾಪಟ್ಟೆ ಬೆಲೆ. ಆಡಂ ಸ್ಮಿತ್ 1776ರಲ್ಲೇ ಈ ಒಗಟನ್ನು ಮುಂದಿಟ್ಟಿದ್ದ. 1870ರ ದಶಕದಲ್ಲಿ ಜೆವನ್ಸ್, ಮೆಂಗರ್, ವಾಲ್ರಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೇರೆ ಬೇರೆ ದೇಶಗಳಲ್ಲಿದ್ದುಕೊಂಡೇ ಒಂದೇ ಉತ್ತರಕ್ಕೆ ಬಂದರು. ಈಗಾಗಲೇ ಇರುವುದರ ಜೊತೆ ಇನ್ನೊಂದು ಕೊಡ ಸಿಕ್ಕರೆ ಎಷ್ಟು ಪ್ರಯೋಜನ? ಅದೇ ಸೀಮಾಂತ ತುಷ್ಟಿಗುಣ. ಬೆಲೆ ನಿಲ್ಲುವುದು ಅದರ ಮೇಲೆ. ನೀರು ಧಾರಾಳವಾಗಿರುವಾಗ ಇನ್ನೊಂದು ಕೊಡದಿಂದ ಆಗುವ ಪ್ರಯೋಜನ ಕಡಿಮೆ; ವಜ್ರ ಅಪರೂಪ, ಹಾಗಾಗಿ ಇನ್ನೊಂದಕ್ಕೂ ಬೇಡಿಕೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ ನೋಡಿ. ಜುಲೈನಲ್ಲಿ ಬಸಿಗಾಲುವೆ ಉಕ್ಕಿ ಹರಿಯುತ್ತದೆ. ಎಲ್ಲಾದರೂ ಕಟ್ಟಿಕೊಂಡರೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಬಿಡಿಸಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ಆಗ ಇನ್ನೊಂದು ಕೊಡ ನೀರಿನ ಬೆಲೆ ಸೊನ್ನೆಗಿಂತ ಕೆಳಗೆ. ಅದನ್ನು ಸಾಗಹಾಕಲು ನಾವೇ ಕೂಲಿ ಕೊಡಬೇಕು!

ಏಪ್ರಿಲ್ ಕೊನೆಗೆ ಅಬ್ಬಿ ನೀರು, ಅಂದರೆ ಗುಡ್ಡದಿಂದ ಹರಿದು ಬರುವ ನೀರು, ಬೆರಳು ಗಾತ್ರಕ್ಕೆ ಇಳಿಯುತ್ತದೆ. ಮೊದಲು ಕುಡಿಯಲು, ಅಡುಗೆಗೆ. ಆಮೇಲೆ ದನಕರುಗಳಿಗೆ. ಆಮೇಲೆ ಸ್ನಾನ, ಬಟ್ಟೆ. ಉಳಿದರೆ ತೋಟಕ್ಕೆ. ಉಳಿಯದಿದ್ದರೆ ಎಳೆ ಅಡಿಕೆ ಉದುರುತ್ತದೆ. ಆಗ ದುಡ್ಡು ಕೊಟ್ಟಾದರೂ ಟ್ಯಾಂಕರ್ ತರಿಸುತ್ತಾರೆ, ಅಲ್ವಾ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮಗೇನು ನೀರಿಗೆ ಬರ ಅಂತ ಕೇಳುವವರು ಬೇಕಾದಷ್ಟು ಜನ. ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ವರ್ಷದ ಮೊತ್ತ ತೋರಿಸಿ ಏಪ್ರಿಲ್ ನೀರಿಗೆ ಬೆಲೆ ಕಟ್ಟುವುದು ಅನ್ಯಾಯ.

ಕರೆಂಟಿಗಾಗಿ ಶರಾವತಿ ಹೊಳೆಗೆ ಕಟ್ಟಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸವೂ ಇದೇ. ಅಗ್ಗದ ಕಾಲದ ನೀರನ್ನು ತುಟ್ಟಿ ಕಾಲಕ್ಕೆ ಹಿಡಿದಿಡುತ್ತದೆ. ಇಲ್ಲಿ ಅವಕಾಶ ವೆಚ್ಚದ ಲೆಕ್ಕವೂ ಸೇರುತ್ತದೆ. ಒಂದು ಕಡೆ ಬಳಸಿದರೆ ಇನ್ನೊಂದು ಕಡೆ ಬಿಟ್ಟುಕೊಟ್ಟದ್ದೆಷ್ಟು ಎಂಬ ಲೆಕ್ಕ ಅದು. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ, 2019ರಲ್ಲಿ, ಶಿವಮೊಗ್ಗದ ಜನ ಬೀದಿಗಿಳಿದರು. ಪೈಪು, ಪಂಪಿನ ಖರ್ಚು ಹೇಳಿದರೆ ಸಾಲದು. ತಪ್ಪಿಹೋಗುವ ಕರೆಂಟು, ಹೊನ್ನಾವರದವರೆಗಿನ ಹೊಳೆ, ಮೀನು, ಕಾಡು ಎಲ್ಲವೂ ಆ ನೀರಿನ ಬೆಲೆಗೆ ಸೇರಬೇಕು. ಮೀನಿಗೂ ಕಾಡಿಗೂ ಬಿಲ್ ಇಲ್ಲ ಅಂತ ಸೊನ್ನೆ ಬರೆದರೆ ನಾನಂತೂ ಒಪ್ಪುವುದಿಲ್ಲ.

ಅರ್ಥಶಾಸ್ತ್ರಜ್ಞರಲ್ಲೂ ಅನೇಕರು ಒಪ್ಪುವುದಿಲ್ಲ. ಸಂತೆಯಲ್ಲಿ ಸಿಗದ ಇಂಥವಕ್ಕೆ ಬೆಲೆ ಅಂದಾಜಿಸಲು ಅವರು ಜನರನ್ನೇ ಕೇಳುತ್ತಾರೆ: ಈ ಹೊಳೆ ಹೀಗೇ ಹರಿಯಲು ನೀವು ಎಷ್ಟು ಕೊಡಬಲ್ಲಿರಿ? ಕೈಯಲ್ಲಿ ಕಾಸಿಲ್ಲದವರು ಕಡಿಮೆ ಹೇಳುತ್ತಾರೆ, ಅವರಿಗೆ ಹೊಳೆ ಎಷ್ಟೇ ಬೇಕಾಗಿದ್ದರೂ. ಈ ವಿಧಾನದ ದೊಡ್ಡ ಕೊರತೆ ಇದು.